ಉಗುರಿಗೆ ಬರೋ ಕೆಲಸಕ್ಕೆ ಕೊಡಲಿ ಬೇಡ, ಮಗಾ

ಮಗಾ, ಸ್ನಾನದ ನೀರು ಪಾದ ಮುಳುಗುವಷ್ಟು ನಿಂತ ಮೇಲೆ ಮೋರಿ ಕಟ್ಟಿದೆ ಅಂತ ಕಂಡುಹಿಡಿಯೋದು ದೊಡ್ಡ ಬುದ್ಧಿವಂತಿಕೆಯೇನಲ್ಲ. ಅದು ಕಟ್ಟಲು ಶುರುವಾಗಿ ವಾರಗಳೇ ಕಳೆದಿರುತ್ತೆ. ಮೊದಲು ನೀರು ಇಳಿಯುವಾಗ ಗೊಳಗೊಳ ಸದ್ದು ಮಾಡಿತು. ನೀನು ಮೊಬೈಲಿನಲ್ಲಿ ಹಾಡು ಹಾಕಿಕೊಂಡಿದ್ದೆ. ಆಮೇಲೆ ನೊರೆ ಜಾಲಿಯ ಮೇಲೆ ಹಾಗೇ ಕೂತಿತು. ನಿನಗೆ ಆಫೀಸಿಗೆ ಹೊತ್ತಾಗಿತ್ತು. ಈಗ ನೀರು ಹೊಸ್ತಿಲು ದಾಟಿ ಕಾಲೊರಸು ನೆನೆದಿದೆ, ಊರಿನ ಹಿರಿಯರ ನೆನಪಾಗಿದೆ. ಆಗಲಿ ಬಿಡು, ನೆನಪಾಯಿತಲ್ಲ.

ಮೊದಲೇ ಒಂದು ಮಾತು ಹೇಳಿಬಿಡ್ತೀನಿ, ಮುಖ ಊದಿಸಿಕೊಳ್ಳಬೇಡ. ನಿನ್ನ ಮೋರಿಯಲ್ಲಿ ಸಿಕ್ಕಿಕೊಂಡಿರೋದು ಕೂದಲು, ಸೋಪು, ಎಣ್ಣೆ. ಅದು ಅಲ್ಲಿ ಅಷ್ಟು ದಿನ ನೆಮ್ಮದಿಯಾಗಿ ಕೂತದ್ದು ಮಾತ್ರ ನಿನ್ನ ಅವಸರದಿಂದ, ನಿನ್ನ ಹೇಸಿಗೆಯಿಂದ. ಅವಸರ ಅದನ್ನು ನೋಡಗೊಡಲಿಲ್ಲ, ಹೇಸಿಗೆ ಅದನ್ನು ಮುಟ್ಟಗೊಡಲಿಲ್ಲ. ಈ ಎರಡನ್ನು ಬಿಟ್ಟರೆ ಮೋರಿ ತೆಗೆಯೋದು ಅರ್ಧ ಗಂಟೆಯ ಕೆಲಸ.

ನಮ್ಮ ನಲ್ಲೂರಿನ ಕಡೆ ಹಳೆ ಮನೆಗಳಲ್ಲಿ ಬಚ್ಚಲು ಹಿತ್ತಲಿಗೆ ಅಂಟಿಕೊಂಡಿರೋದು. ಒಲೆ ಮೇಲೆ ಹಂಡೆ, ಕೂರಲು ಚಪ್ಪಡಿ ಕಲ್ಲು, ಗೋಡೆಯ ಬುಡದಲ್ಲಿ ಒಂದು ಕಂಡಿ. ಮಿಂದ ನೀರು ಆ ಕಂಡಿಯಿಂದ ಹೊರಬಿದ್ದು ಬಾಳೆ ಬುಡಕ್ಕೋ ಕೆಸುವಿನ ಮಡಿಗೋ ಹೋಗೋದು. ಕಟ್ಟಿದರೆ ಎಲ್ಲಿ ಕಟ್ಟಿದೆ ಅಂತ ಕಣ್ಣಿಗೇ ಕಾಣೋದು. ಯಾರು ಮೊದಲು ನೋಡಿದರೋ ಅವರು ಒಂದು ಕಡ್ಡಿ ತಗೊಂಡು ಕೆದಕಿ ಬಿಡೋರು. ನಿನ್ನ ಅಪಾರ್ಟ್‌ಮೆಂಟಿನಲ್ಲಿ ಎಲ್ಲವೂ ಟೈಲ್ಸ್ ಕೆಳಗೆ. ಜಾಲಿ ದಾಟಿದ ಮೇಲೆ ನೀರಿಗೂ ನಿನಗೂ ಸಂಬಂಧವಿಲ್ಲ ಅಂದುಕೊಂಡಿದ್ದೀಯ. ಸಂಬಂಧ ಇದೆ ಅಂತ ಅದು ಈಗ ವಾಪಸ್ ಬಂದು ಹೇಳ್ತಿದೆ.

ಬಾಡಿಗೆ ಫ್ಲ್ಯಾಟಿನಲ್ಲಿ ಬಾತ್‌ಟಬ್ ಬೇರೆ ಇದೆ ಅಂತ ಹೆಮ್ಮೆಯಿಂದ ಹೇಳಿದೆ. ಒಳ್ಳೇದು. ಟಬ್ ಇದ್ದೂ ಅದರೊಳಗೆ ಬಕೆಟ್ ಇಟ್ಟು ಚೆಂಬಿನಲ್ಲಿ ಹುಯ್ದುಕೊಳ್ಳುವ ಜಾತಿ ನಮ್ಮದು, ಅದರಲ್ಲಿ ನಾಚಿಕೆಯೇನಿಲ್ಲ. ಟಬ್ಬಿಗಾಗಲಿ ಬಚ್ಚಲ ನೆಲಕ್ಕಾಗಲಿ ಒಳಗಿನ ವ್ಯವಹಾರ ಒಂದೇ. ಅದನ್ನು ತಿಳಿದುಕೋ, ಆಮೇಲೆ ಕೈ ಹಾಕು.

ಮನುಷ್ಯನ ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರೋದು ಸಹಜ. ಅದಕ್ಕೆ ಬೆಂಗಳೂರಿನ ನೀರನ್ನು ಬೈಯಬೇಡ, ನಮ್ಮೂರಲ್ಲೂ ಉದುರುತ್ತೆ. ಕೂದಲು ಬೇಗ ಕೊಳೆಯೋದಿಲ್ಲ. ಒಂದು ಎಳೆ ಪೈಪಿನ ಅಂಚಿಗೆ ಸಿಕ್ಕಿಕೊಂಡರೆ ಹಿಂದೆ ಬಂದದ್ದನ್ನೆಲ್ಲ ಹಿಡಿದು ಹೆಣೆದುಕೊಳ್ಳುತ್ತೆ. ಅದರ ಮೇಲೆ ಸೋಪು. ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇರುತ್ತಲ್ಲ, ಅವು ಸೋಪಿನ ಜೊತೆ ಸೇರಿದರೆ ನೀರಿನಲ್ಲಿ ಕರಗದ ಬಿಳೀ ಗಸಿಯಾಗುತ್ತೆ. ನಲ್ಲಿಯ ಸುತ್ತ, ಬಕೆಟ್ಟಿನ ಒಳಗೆ ಉಗುರಲ್ಲಿ ಕೆರೆದರೆ ಬರುತ್ತಲ್ಲ, ಅದೇ. ಮೂರನೆಯದು ಎಣ್ಣೆ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾದರೆ ಗಟ್ಟಿಯಾಗುತ್ತೆ. ಚಳಿಗಾಲದಲ್ಲಿ ಬಾಟಲಿಯಲ್ಲಿ ಹೆಪ್ಪುಗಟ್ಟಿದ್ದನ್ನು ಬಿಸಿಲಿಗೆ ಇಟ್ಟು ಕರಗಿಸ್ತೀಯಲ್ಲ, ನೆಲದಡಿಯ ಪೈಪಿಗೆ ಬಿಸಿಲು ಯಾರು ಕಾಯಿಸ್ತಾರೆ? ಯುಗಾದಿಗೆ, ದೀಪಾವಳಿಗೆ ಎಣ್ಣೆ ಹಚ್ಚಿಕೊಂಡು ಸೀಗೆಪುಡಿಯಲ್ಲಿ ತಿಕ್ಕಿ ತೊಳೆಯೋದನ್ನು ಬಿಡು ಅಂತ ಹೇಳ್ತಿಲ್ಲ. ಹಬ್ಬದ ಮಾರನೇ ದಿನ ಜಾಲಿ ಎತ್ತಿ ನೋಡು ಅಂತ ಹೇಳ್ತಿದ್ದೀನಿ.

ಜಾಲಿಯ ಕೆಳಗೆ ಒಂದು ಬಟ್ಟಲಿನಾಕಾರದ ಭಾಗ ಇರುತ್ತೆ. ಪ್ಲಂಬರುಗಳು ಅದಕ್ಕೆ ನಹಾನಿ ಟ್ರ್ಯಾಪ್ ಅಂತಾರೆ. ಅದರಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರಬೇಕು, ಅದು ಕೆಟ್ಟದ್ದಲ್ಲ. ಸಾಮಾನ್ಯವಾಗಿ 50 ಮಿಲಿಮೀಟರಿನಷ್ಟು ಆಳದ ಆ ನೀರೇ ಕೆಳಗಿನ ಚರಂಡಿಯ ನಾತ, ಜಿರಲೆ ಮೇಲೆ ಬಾರದಂತೆ ತಡೆಯುವ ಬಾಗಿಲು. ಲಂಡನ್ನಿನಲ್ಲಿ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ತಯಾರಕ 1775ರಲ್ಲಿ ಶೌಚದ ಪೈಪನ್ನು ಬಗ್ಗಿಸಿ ಅದರಲ್ಲಿ ನೀರು ನಿಲ್ಲಿಸಿ ಪೇಟೆಂಟ್ ಪಡೆದ. ಇವತ್ತಿಗೂ ನಾವು ಬದುಕ್ತಿರೋದು ಆ ಬಾಗಿನಿಂದಲೇ. ಆದ್ದರಿಂದ ನಾತ ಬಂತು ಅಂದರೆ ಎಲ್ಲ ಸಲವೂ ಕಟ್ಟಿದೆ ಅಂತಲ್ಲ. ಹಬ್ಬಕ್ಕೆ ಬಂದು ವಾರಗಟ್ಟಲೆ ಇಲ್ಲಿ ಕಡುಬು ತಿಂದು ಕೂತಿದ್ದರೆ ಅಲ್ಲಿ ಟ್ರ್ಯಾಪಿನ ನೀರು ಆರಿಹೋಗಿರಬಹುದು. ಬಾಗಿಲು ತೆಗೆದ ಕೂಡಲೇ ಒಂದು ಚೆಂಬು ನೀರು ಹುಯ್ಯಿ, ನಾತ ಹೋಗುತ್ತೆ. ಅದಕ್ಕೆ ಪ್ಲಂಬರ್ ಕರೆದು ದುಡ್ಡು ಕೊಟ್ಟೆ ಅಂತ ಮಾತ್ರ ಊರಲ್ಲಿ ಹೇಳಿಕೊಳ್ಳಬೇಡ.

ಈಗ ಕೆಲಸಕ್ಕೆ ಬಾ. ಕೈ ಹಾಕುವ ಮೊದಲು ಕಣ್ಣು ಹಾಕು. ಈ ಒಂದು ಮೋರಿ ಮಾತ್ರ ಕಟ್ಟಿದೆಯೋ, ಅಡುಗೆಮನೆಯ ಸಿಂಕಿನಲ್ಲಿ ನೀರು ಬಿಟ್ಟರೆ ಬಚ್ಚಲಲ್ಲಿ ಉಕ್ಕುತ್ತೋ ನೋಡು. ಒಂದು ಮಾತ್ರ ಆದರೆ ನಿನ್ನ ಕೂದಲು, ನಿನ್ನ ಕೆಲಸ. ಎಲ್ಲವೂ ಒಟ್ಟಿಗೆ ಉಕ್ಕಿದರೆ, ಅದರಲ್ಲೂ ನೀನು ಕೆಳಮಹಡಿಯಲ್ಲಿದ್ದರೆ, ತೊಂದರೆ ಇಡೀ ಕಟ್ಟಡದ ಪೈಪಿನಲ್ಲಿದೆ, ಇಲ್ಲವೇ ಹೊರಗಿನ ಚೇಂಬರಿನಲ್ಲಿದೆ. ಆಗ ಓನರಿಗೆ, ಅಸೋಸಿಯೇಷನ್ನಿಗೆ ಹೇಳಬೇಕು. ಅಲ್ಲಿ ನೀನು ಎಷ್ಟು ಗುದ್ದಾಡಿದರೂ ಮೇಲಿನ ಮನೆಯವರ ನೀರು ನಿನ್ನ ಕಾಲಿಗೇ ಬರುತ್ತೆ.

ಕೆಲಸ ನಿನ್ನದೇ ಅಂತ ಖಾತ್ರಿಯಾದರೆ ನಿಂತ ನೀರನ್ನು ಚೆಂಬಿನಲ್ಲಿ ಬಕೆಟ್ಟಿಗೆ ತೋಡಿ ತೆಗಿ. ರಬ್ಬರ್ ಗ್ಲೌಸ್ ಹಾಕಿಕೋ. ಜಾಲಿ ಎತ್ತು, ಟಬ್ ಆದರೆ ತೂತಿನ ಮುಚ್ಚಳ ತಿರುಗಿಸಿ ಇಲ್ಲವೇ ಸ್ಕ್ರೂ ಬಿಚ್ಚಿ ತೆಗಿ, ಬಿಚ್ಚಿದ ಸ್ಕ್ರೂವನ್ನು ಸೋಪಿನ ಪೆಟ್ಟಿಗೆಯಲ್ಲಿ ಇಡು, ಟಬ್ಬಿನ ಅಂಚಿನಲ್ಲಲ್ಲ. ಹಳೇ ತಂತಿಯ ತುದಿಯನ್ನು ಸಣ್ಣ ಕೊಕ್ಕೆ ಮಾಡಿ ಒಳಗೆ ಬಿಡು. ಹಾರ್ಡ್‌ವೇರ್ ಅಂಗಡಿಯಲ್ಲಿ ಮುಳ್ಳುಮುಳ್ಳಿರುವ ಉದ್ದನೆ ಪ್ಲಾಸ್ಟಿಕ್ ಪಟ್ಟಿಯೂ ಸಿಗುತ್ತೆ. ತಿರುಗಿಸಿ ನಿಧಾನ ಮೇಲೆ ಎಳಿ. ಜೋರಾಗಿ ಎಳೆದರೆ ತುಂಡಾಗಿ ಅರ್ಧ ಒಳಗೇ ಉಳಿಯುತ್ತೆ. ಸಿಕ್ಕಿದ್ದನ್ನು ಕಾಗದದಲ್ಲಿ ಸುತ್ತಿ ಕಸಕ್ಕೆ ಹಾಕು. ಕಮೋಡಿಗೆ ಹಾಕಿ ಫ್ಲಶ್ ಮಾಡಬೇಡ. ಒಂದು ಮೋರಿ ತೆರೆದು ಇನ್ನೊಂದನ್ನು ಮುಚ್ಚಿದಂತಾಗುತ್ತೆ. ಮುಕ್ಕಾಲು ಪಾಲು ಕಥೆ ಇಲ್ಲಿಗೇ ಮುಗಿಯುತ್ತೆ.

ಮುಗಿಯದಿದ್ದರೆ ಪ್ಲಂಜರ್ ತಗೋ, ಮರದ ಹಿಡಿಗೆ ರಬ್ಬರ್ ಬಟ್ಟಲು ಇರೋದು. ಅದನ್ನು ಒಣ ನೆಲದ ಮೇಲೆ ಒತ್ತಿ ಗಾಳಿ ಹೊಡೆಯೋರನ್ನು ನೋಡಿದ್ದೀನಿ. ರಬ್ಬರ್ ಮುಳುಗುವಷ್ಟು ನೀರು ಇರಬೇಕು. ತಳ್ಳೋದು ನೀರು, ಗಾಳಿಯಲ್ಲ. ಟಬ್ಬಿನ ಗೋಡೆಯಲ್ಲಿ ಮೇಲುಗಡೆ ಇನ್ನೊಂದು ತೂತು ಇರುತ್ತೆ, ನೀರು ಉಕ್ಕದ ಹಾಗೆ. ಒದ್ದೆ ಬಟ್ಟೆಯಿಂದ ಅದನ್ನು ಬಿಗಿಯಾಗಿ ಮುಚ್ಚು, ಇಲ್ಲದಿದ್ದರೆ ನೀನು ಕೆಳಗೆ ಒತ್ತಿದ್ದೆಲ್ಲ ಆ ಮೇಲಿನ ತೂತಿನಿಂದ ಆಚೆ ಹೋಗುತ್ತೆ, ಕಟ್ಟಿದ್ದು ಕಟ್ಟಿಯೇ ಇರುತ್ತೆ. ಹತ್ತಾರು ಸಲ ಒಂದೇ ಲಯದಲ್ಲಿ ಒತ್ತಿ, ಕೊನೆಗೆ ಒಮ್ಮೆ ಸೆಳೆದು ಎತ್ತು. ಅದಕ್ಕೂ ಜಗ್ಗದಿದ್ದರೆ ಪ್ಲಂಬರ್ ಹತ್ತಿರ ಸ್ಪ್ರಿಂಗ್ ತಂತಿ ಇರುತ್ತೆ, ಅವನನ್ನು ಕರಿ. ಕರೆಯೋದು ಸೋಲಲ್ಲ. ಎಲ್ಲಿಯವರೆಗೆ ಮಾಡಿದ್ದೀಯ ಅಂತ ಅವನಿಗೆ ಹೇಳು, ಅವನ ಸಮಯ ಉಳಿಯುತ್ತೆ.

ನೀರು ಇಳಿದ ಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಒಂದಿಷ್ಟು ಹಾಕಿ ಕೈ ತಡೆಯುವಷ್ಟು ಬಿಸಿನೀರು ಬಿಡು. ಕುದಿಯುವ ನೀರು ಬೇಡ. ಪಿವಿಸಿ ಪೈಪು ಸುಮಾರು 60 ಡಿಗ್ರಿ ದಾಟಿದ ಬಿಸಿಗೆ ಹೇಳಿ ಮಾಡಿಸಿದ್ದಲ್ಲ; ಮೆತ್ತಗಾಗಿ ಸಂದು ಸಡಿಲವಾದರೆ ಕೆಳಗಿನ ಮನೆಯ ಸೀಲಿಂಗ್ ಒದ್ದೆಯಾಗುತ್ತೆ. ಆಮೇಲೆ ನಿನಗೂ ಆ ಮನೆಯವರಿಗೂ ಲಿಫ್ಟಿನಲ್ಲಿ ಮಾತಿರೋದಿಲ್ಲ. ಅಡುಗೆ ಸೋಡಾ, ವಿನೆಗರ್ ಸುರಿದು ಬುಸಬುಸ ನೊರೆ ಬರಿಸೋದು ನೋಡಲು ಚೆಂದ. ಸೋಡಾ ಕ್ಷಾರ, ವಿನೆಗರ್ ಆಮ್ಲ. ಒಂದನ್ನೊಂದು ಕೊಂದುಕೊಂಡು ಗಾಳಿ ಬಿಡ್ತವೆ. ಕೂದಲಿಗೆ ಅದರಿಂದ ಏನೂ ಆಗೋದಿಲ್ಲ.

ಈಗ ನಿನ್ನ ಪ್ರೀತಿಯ ದಾರಿಗೆ ಬರ್ತೀನಿ. ಅಂಗಡಿಗೆ ಓಡಿ ಆಸಿಡ್ ತಂದು ಸುರಿದು, ಬಾಗಿಲು ಹಾಕಿಕೊಂಡು, ರೀಲ್ಸ್ ನೋಡ್ತಾ ಕೂರೋದು. ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಉಗುರಿನಲ್ಲಿ ಹೋಗೋದಕ್ಕೆ ಕೊಡಲಿ ಎತ್ತಿದರೆ ಕಾಲಿಗೇ ಬೀಳೋದು. ಟಾಯ್ಲೆಟ್ ತೊಳೆಯುವ ಆಸಿಡ್ಡಿನಲ್ಲಿ ಹೈಡ್ರೋಕ್ಲೋರಿಕ್ ಆಮ್ಲ ಇರುತ್ತೆ. ಅದರ ಮೇಲೆ ಬ್ಲೀಚಿಂಗ್ ಪೌಡರ್ ಬಿದ್ದರೆ ಕ್ಲೋರಿನ್ ಅನಿಲ ಏಳುತ್ತೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ ಬಳಿ ಜರ್ಮನ್ ಸೈನ್ಯ ಶತ್ರುಗಳ ಕಂದಕದ ಕಡೆಗೆ ಬಿಟ್ಟದ್ದು ಇದೇ ಅನಿಲ. ಗಾಳಿಗಿಂತ ಭಾರ, ಕಿಟಕಿಗೆ ಏರದೆ ನೆಲದ ಮಟ್ಟದಲ್ಲೇ ಕೂರುತ್ತೆ. ನೀನು ಬಗ್ಗಿ ಮೋರಿ ನೋಡುವುದೂ ಆ ಮಟ್ಟದಲ್ಲೇ. ಒಂದು ಸುರಿದು ಕೆಲಸವಾಗಲಿಲ್ಲ ಅಂತ ಇನ್ನೊಂದು ಸುರಿಯೋದು, ಅದೇ ನಿನ್ನ ವಯಸ್ಸಿನ ಚಾಳಿ; ಅದೇ ಅಪಾಯ.

ಡ್ರೈನ್ ಕ್ಲೀನರ್ ಅಂತ ಸಿಗೋ ಪುಡಿಯಲ್ಲಿ ಸಾಮಾನ್ಯವಾಗಿ ಇರೋದು ಕಾಸ್ಟಿಕ್ ಸೋಡಾ. ಅದು ಕೊಬ್ಬನ್ನೂ ಕೂದಲನ್ನೂ ಕರಗಿಸುತ್ತೆ ನಿಜ, ಹಾಗೆಯೇ ನಿನ್ನ ಚರ್ಮವನ್ನೂ. ನೀರು ತಾಗಿದರೆ ಕೊತಕೊತ ಬಿಸಿಯಾಗಿ ಸಿಡಿಯುತ್ತೆ. ಬೇರೆ ದಾರಿಯೇ ಇಲ್ಲ ಅಂದಾಗ, ಪೊಟ್ಟಣದ ಮೇಲಿನದ್ದನ್ನು ಪೂರ್ತಿ ಓದಿ, ಕಣ್ಣಿಗೆ ಕನ್ನಡಕ ಹಾಕಿ, ಕಿಟಕಿ ತೆಗೆದು ಬಳಸು. ಬಳಸಿದ ಮೇಲೆ ಪ್ಲಂಜರ್ ಒತ್ತಬೇಡ, ಮುಖಕ್ಕೆ ಎರಚುತ್ತೆ. ಇನ್ನೊಂದು ಮುಖ್ಯ ಮಾತು: ಅದೂ ಕೆಲಸ ಮಾಡದೆ ಪ್ಲಂಬರ್ ಬಂದರೆ, ಒಳಗೆ ಏನು ಹಾಕಿದ್ದೀಯ ಅಂತ ಬಾಯಿಬಿಟ್ಟು ಹೇಳು. ಬೈಸಿಕೊಳ್ಳಬೇಕಾಗುತ್ತೆ ಅಂತ ಮುಚ್ಚಿಟ್ಟರೆ ಸುಡೋದು ಅವನ ಕೈ, ಅವನ ಕಣ್ಣು. ನಿನ್ನ ಮರ್ಯಾದೆ ಅಷ್ಟು ದುಬಾರಿಯಲ್ಲ.

ಹೇಸಿಗೆಯ ವಿಷಯಕ್ಕೆ ಬರ್ತೀನಿ, ಅದೇ ನನಗೆ ಹೆಚ್ಚು ಮುಖ್ಯ. ಅಡಿಕೆ ಬೇಯಿಸುವ ಕಾಲದಲ್ಲಿ ಚೊಗರಿನಲ್ಲಿ ಕೈ ಅದ್ದಿ ವಾರಗಟ್ಟಲೆ ಕಪ್ಪಾಗಿದ್ದ ಕೈಯಲ್ಲೇ ನೀನು ಊಟ ಮಾಡಿದವನು. ಸಗಣಿ ಬಾಚಿದ ಮನೆಯಲ್ಲಿ ಬೆಳೆದವನು. ಅದೆಲ್ಲ ಹೇಸಿಗೆಯಲ್ಲ, ನಿನ್ನದೇ ತಲೆಯ ಮೇಲೆ ನಿನ್ನೆವರೆಗೆ ಬಾಚಿ ಸಿಂಗರಿಸಿದ ಕೂದಲು ಇವತ್ತು ಮೋರಿಯಲ್ಲಿ ಹೇಸಿಗೆಯಾಯಿತೇ? ಇದು ಮೂಗಿನ ಹೇಸಿಗೆಯಲ್ಲ ಮಗಾ, ಮನಸ್ಸಿನದು. ಇಂಥ ಕೆಲಸ ನನ್ನದಲ್ಲ, ಯಾರೋ ಬಂದು ಮಾಡಬೇಕಾದ್ದು ಅನ್ನೋ ಗರ್ವ ಪೇಟೆಯ ನೀರಿನಲ್ಲಿ ಕರಗಿ ಬಂದು ಹೊಟ್ಟೆ ಸೇರುತ್ತೆ.

ಆ ಗರ್ವದ ಹಿಂದೆ ಎಷ್ಟು ಹಳೆಯ ಅನ್ಯಾಯ ಇದೆ ಗೊತ್ತೇ? ನಮ್ಮ ಪಕ್ಕದ ಹರಿಹರದಲ್ಲಿ ಹುಟ್ಟಿದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ದೇವರಾಜ ಅರಸರ ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೇಂದ್ರದ ಕಾನೂನು ಬರಲು 1993 ಆಯಿತು, ಅದು ಸಾಲದೆ 2013ರಲ್ಲಿ ಇನ್ನೂ ಬಿಗಿಯಾದದ್ದು ಬಂತು. ರಕ್ಷಣೆಯ ಸಾಮಗ್ರಿಯಿಲ್ಲದೆ ಒಬ್ಬ ಮನುಷ್ಯನನ್ನು ಒಳಚರಂಡಿಗೋ ಸೆಪ್ಟಿಕ್ ಟ್ಯಾಂಕಿಗೋ ಇಳಿಸೋದು ಅಪರಾಧ. ಆದರೂ ಸಾವುಗಳು ನಿಂತಿಲ್ಲ. 2023ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಹಾಗೆ ಸತ್ತವರ ಕುಟುಂಬಕ್ಕೆ 30 ಲಕ್ಷ ರೂಪಾಯಿ ಪರಿಹಾರ ಕೊಡಬೇಕು ಅಂತ ಹೇಳಬೇಕಾಯಿತು. ನಾಳೆ ನಿನ್ನ ಅಪಾರ್ಟ್‌ಮೆಂಟಿನ ಚೇಂಬರ್ ಕಟ್ಟಿದಾಗ ಯಾರಾದರೂ "ಒಬ್ಬನನ್ನು ಇಳಿಸಿಬಿಡೋಣ, ಬೇಗ ಆಗುತ್ತೆ" ಅಂದರೆ, ನೀನು ಮೀಟಿಂಗಿನಲ್ಲಿ ಎದ್ದು ನಿಂತು ಬೇಡ ಅನ್ನಬೇಕು. ಯಂತ್ರ ಬರಲಿ, ಎರಡು ದಿನ ತಡವಾಗಲಿ. ಬಾಡಿಗೆಯವನಿಗೆ ಮೀಟಿಂಗಿನಲ್ಲಿ ಮಾತೇನು ಅಂತ ಕೇಳಿದರೂ ಹೇಳು.

ಕಸಕ್ಕೆ ಕೈ ಹಾಕೋದು ಕೀಳಲ್ಲ ಅನ್ನೋದು ನಮ್ಮ ಸೀಮೆಗೆ ಹೊಸ ಪಾಠವೂ ಅಲ್ಲ. ಶಿವಮೊಗ್ಗ ಜಿಲ್ಲೆಯ ಹಿರೇಜಂಬೂರಿನ ಸತ್ಯಕ್ಕ ಹನ್ನೆರಡನೇ ಶತಮಾನದ ಶರಣೆ, ವಚನಕಾರ್ತಿ. ಆಕೆಯ ಕಾಯಕ ಶರಣರ ಮನೆಯಂಗಳ ಗುಡಿಸೋದು. ಕಸಬರಿಗೆ ಹಿಡಿದ ಕೈಯಿಂದಲೇ ಬಂದ ಮಾತುಗಳನ್ನು ನಾವು ಇವತ್ತು ಕಾಲೇಜಿನಲ್ಲಿ ಓದ್ತೀವಿ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಬಚ್ಚಲಲ್ಲಿ ಕೈ ಕೆಸರಾದರೆ ಪಾದ ಒಣಗಿರುತ್ತೆ. ಸದ್ಯಕ್ಕೆ ನಿನಗೆ ಅಷ್ಟು ಲಾಭ ಸಾಕು.

ಇನ್ನು ಓನರ್ ಜೊತೆಗಿನ ಜಗಳ. "ಮನೆ ಅವರದ್ದು, ಮೋರಿ ಅವರೇ ತೆಗೆಸಲಿ" ಅಂತ ನಿನ್ನ ವಾದ. ಕೇಂದ್ರ ಸರ್ಕಾರ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯ ಕೊನೆಗೆ ಒಂದು ಪಟ್ಟಿ ಇದೆ. ಕಟ್ಟಡದ ರಿಪೇರಿ, ಗೋಡೆಗೆ ಬಣ್ಣ, ಅಗತ್ಯ ಬಿದ್ದಾಗ ಪೈಪು ಬದಲಿಸೋದು ಮಾಲೀಕನ ಪಾಲು. ನಲ್ಲಿಯ ವಾಷರ್, ಮೋರಿ ಸ್ವಚ್ಛ ಮಾಡೋದು, ಬಾತ್‌ಟಬ್ ರಿಪೇರಿ ಬಾಡಿಗೆಯವನ ಪಾಲು, ಕರಾರಿನಲ್ಲಿ ಬೇರೆ ಬರೆದಿಲ್ಲದಿದ್ದರೆ. ಅದು ಮಾದರಿ, ರಾಜ್ಯ ತನ್ನದಾಗಿ ತಂದರೆ ಮಾತ್ರ ಕಾನೂನು. ಆದರೆ ನ್ಯಾಯ ಅದರಲ್ಲಿ ಸರಿಯಾಗಿಯೇ ಇದೆ. ನಿನ್ನ ಕೂದಲು ನಿನ್ನದು, ಒಡೆದ ಪೈಪು ಅವರದ್ದು. ಅಡ್ವಾನ್ಸ್ ಎಣಿಸಿ ಕೊಡುವ ಮೊದಲು ಬಾಲ್ಕನಿಯ ಗಾಳಿ, ವೈಫೈ ಎಷ್ಟು ಕಡ್ಡಿ ಅಂತ ನೋಡಿದೆ. ಮುಂದಿನ ಸಲ ಪ್ರತಿ ಮೋರಿಗೂ ಒಂದು ಬಕೆಟ್ ನೀರು ಸುರಿದು ನಿಂತು ನೋಡು. ಓನರ್ ನಕ್ಕರೆ ನಗಲಿ. ಇಳಿಯದಿದ್ದರೆ ಅಲ್ಲೇ ಹೇಳು, ಕರಾರಿನಲ್ಲಿ ಬರೆಸು. ಒಳಗೆ ಕಾಲಿಟ್ಟ ಮೇಲೆ ಸಿಟ್ಟಾಗೋದಕ್ಕಿಂತ ಹೊಸ್ತಿಲಾಚೆ ನಿಂತು ಬಾಯಿಬಿಡೋದು ಜಾಣತನ.

ಜೊತೆಯವರ ವಿಷಯ ಇನ್ನೂ ಸೂಕ್ಷ್ಮ. ದಾವಣಗೆರೆಯ ವಿದ್ಯಾನಗರದ ರೂಮಾಗಲಿ, ಬೆಂಗಳೂರಿನ ಫ್ಲ್ಯಾಟಾಗಲಿ, ಮೋರಿ ಕಟ್ಟಿದ ದಿನ ಕೂದಲಿನ ಜಾತಕ ಬರೆಯಲು ಕೂರ್ತಾರೆ. ಇದು ಉದ್ದ, ಅವಳದ್ದು. ಇದು ಕೆಂಚು, ಇವನದ್ದು. ತಲೆ ಬೋಳಾದವನು ಆರಾಮಾಗಿ ಕಾಲು ಚಾಚಿ ಕೂರ್ತಾನೆ, ತಿಂಗಳಿಗೊಮ್ಮೆ ಗಡ್ಡ ಬೋಳಿಸಿ ಎಲ್ಲಿ ತೊಳೆದ ಅನ್ನೋದು ಅವನಿಗೆ ಮರೆತಿರುತ್ತೆ. ಒಂದೇ ಮನೆಯಲ್ಲಿ ಇರೋರ ಗುಣ ಗೊತ್ತಾಗೋದು ಹುಟ್ಟುಹಬ್ಬದ ಕೇಕ್ ಮುಂದಲ್ಲ. ಯಾರು ಹೇಳದೆ ಜಾಲಿ ಎತ್ತಿ ತೆಗೆದರು, ಯಾರು ತೆಗೆದು ಗ್ರೂಪಿನಲ್ಲಿ ಫೋಟೋ ಹಾಕಿದರು, ಯಾರು ಒದ್ದೆ ಪಾದದಲ್ಲೇ ದಾಟಿ ಹೋದರು, ಅಲ್ಲಿ ಗೊತ್ತಾಗುತ್ತೆ. ನೀನು ಮೊದಲನೆಯವರ ಸಾಲಿಗೆ ಸೇರು. ಮೂರನೆಯವರ ಜೊತೆ ಜಗಳವಾಡಬೇಡ, ಒಂದು ವಾರ ಅವರ ಕೈಗೆ ಗ್ಲೌಸ್ ಕೊಟ್ಟು ನಗು. ಬರೀ ನಿನ್ನ ಮೇಲೇ ಬಿತ್ತು ಅಂತ ಕಂಡರೆ ಮಾತ್ರ ಪಾಳಿ ಬರೆದು ಬಾಗಿಲಿಗೆ ಅಂಟಿಸು. ಒಳ್ಳೆಯವನಾಗು ಅಂದೆ, ದಡ್ಡನಾಗು ಅಂದಿಲ್ಲ.

ಕಡೆಯದಾಗಿ, ಇದು ಒಂದು ಸಲ ಮಾಡಿ ಕೈ ತೊಳೆದುಕೊಳ್ಳುವ ಕೆಲಸ ಅಂತ ತಿಳೀಬೇಡ. ನಮ್ಮ ತಾಲ್ಲೂಕಿನ ಸೂಳೆಕೆರೆ ನೋಡಿದ್ದೀಯಲ್ಲ. ಶತಮಾನಗಳಿಂದ ನಿಂತ ಅಷ್ಟು ದೊಡ್ಡ ಕೆರೆಯ ನೀರು ಸಿದ್ದನ ನಾಲೆ, ಬಸವನ ನಾಲೆಗಳಾಗಿ ಗದ್ದೆಗೆ ಹೋಗೋದು ತೂಬಿನ ಬಾಯಿಂದಲೇ. ಆ ಬಾಯಿಗೆ ಕಸ ಕಟ್ಟಿದರೆ ಕೆರೆ ಎಷ್ಟು ತುಂಬಿದ್ದರೇನು? ನಿನ್ನ ಬಚ್ಚಲಿನ ತೂಬಿಗೆ ಸಣ್ಣ ಕಣ್ಣಿನ ಒಂದು ಸ್ಟೀಲ್ ಜಾಲರಿ ತಂದು ಕೂರಿಸು, ದುಡ್ಡಿನ ಲೆಕ್ಕದಲ್ಲಿ ಒಂದು ಬೆಣ್ಣೆ ದೋಸೆಯ ಆಸುಪಾಸು. ಸ್ನಾನಕ್ಕೆ ಮೊದಲೇ ತಲೆ ಬಾಚು, ಉದುರುವುದು ಬಾಚಣಿಗೆಯಲ್ಲೇ ಉದುರಲಿ. ಮಿಂದು ಹೊರಬರುವಾಗ ಜಾಲರಿಯ ಮೇಲಿನ ಕೂದಲನ್ನು ಬೆರಳಲ್ಲಿ ಎತ್ತಿ ಕಸಕ್ಕೆ ಹಾಕು. ಶಾಂಪೂ ಸ್ಯಾಷೆಯ ಹರಿದ ಮೂಲೆಯನ್ನೂ ಎತ್ತು, ಅದು ತನ್ನಷ್ಟಕ್ಕೆ ನಡೆದು ಹೋಗೋದಿಲ್ಲ. ವಾರಕ್ಕೊಮ್ಮೆ ಜಾಲಿ ಎತ್ತಿ ನೋಡು.

ನಿನಗೆ ತಲೆ ಇದೆ, ಕೈಗೆ ಬಲ ಇದೆ, ಕೆಲಸ ಹಿಡಿದರೆ ಬಿಡೋ ಜಾತಿಯೂ ನೀನಲ್ಲ. ಕೊರತೆ ಇರೋದು ನಿಧಾನಕ್ಕೆ ಮಾತ್ರ, ಅದು ದುಡ್ಡು ಕೊಟ್ಟು ತರುವಂಥದ್ದಲ್ಲ. ಸಾಕು, ಗ್ಲೌಸ್ ಹಾಕಿಕೋ. ಮುಗಿಸಿ, ಕೈಯನ್ನು ಎರಡು ಸಲ ಸೋಪಿನಲ್ಲಿ ತೊಳೆದು ಆಮೇಲೆ ಊಟಕ್ಕೆ ಕೂರು. ಆ ಸೋಪಿನ ನೀರೂ ಆ ಮೋರಿಯಲ್ಲೇ ಇಳಿಯಬೇಕು, ನಿಂತು ನೋಡಿ ಬಾ.